ಡಿಎ ಬರುವವರಿಗೆ ಕಾಯಿ ಇಲ್ಲ

ಡಿಎ ಏರಿದ ಖುಷಿಯಲ್ಲಿ ಇವತ್ತು ಎರಡು ತೆಂಗಿನಕಾಯಿ ಕಳೆದುಕೊಂಡೆ ಕಣ್ರೀ ಸ್ನೇಹಿತರೇ.

ಹಾಲ್ಕುರಿಕೆ ಕಡೆಯ ಗೌರಜ್ಜಿ ನಮ್ಮ ಆಸ್ಪತ್ರೆಗೆ ಬಿಪಿ ನೋಡಿಸಲು ಬಂದಾಗಲೆಲ್ಲ ತೋಟದ ನಾಲ್ಕು ಕಾಯಿ ತರುತ್ತಾರೆ. ಎರಡು ನನಗೆ, ಎರಡು ಜೊತೆಯ ನರ್ಸ್ ಶಬಾನಾಗೆ. ಇವತ್ತು ನನ್ನ ಮುಖ ನೋಡಿ, "ಏನವ್ವ, ಬೋ ಖುಷಿಯಾಗಿದ್ದೀಯ?" ಎಂದರು.

"ಡಿಎ ಜಾಸ್ತಿಯಾಯ್ತು ಕಣಜ್ಜಿ. ಸಾಮಾನಿನ ರೇಟು ಏರಿದಂಗೆ ಸರ್ಕಾರ ಸಂಬಳದ ಮೇಲೆ ಕೊಡ್ತದೆ."

ಅಜ್ಜಿ ಪಕ್ಕದಲ್ಲಿದ್ದ ಶಬಾನಾಳನ್ನು ತೋರಿಸಿ, "ಇವಳ್ಗೂ ಬತ್ತದಾ?" ಎಂದರು.

"ಇಲ್ಲಜ್ಜಿ. ನಂದು ಖಾಯಂ, ಅವಳದು ಗುತ್ತಿಗೆ. ಡಿಎ ಇಲ್ಲ, ಮನೆ ಬಾಡಿಗೆ ಭತ್ಯೆನೂ ಇಲ್ಲ."

ಅಜ್ಜಿಗೆ ರೇಗಿತು. "ಇಬ್ರೂ ಚುಚ್ಚೋದು ಒಂದೇ ಸೂಜಿ ತಾನೇ? ನಮ್ ತೋಟದಾಗೆ ಮರ ಹತ್ತೋರು ಹಳಬ್ರಾಗ್ಲಿ, ಹೊಸಬ್ರಾಗ್ಲಿ, ಮರಕ್ಕಿಷ್ಟು ಅಂತ ಒಂದೇ ಕೂಲಿ. ಅದ್ರ ಮೇಲೆ ಎಲ್ರಿಗೂ ಕಾಯಿ."

ನಾಲ್ಕೂ ಕಾಯಿಯನ್ನು ಶಬಾನಾಳ ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದರು. "ನಿಂಗೆ ಸರ್ಕಾರ ಕೊಡ್ತದಲ್ಲ, ಬುಡು."

ಸಂಜೆ ಮನೆಗೆ ಹೊರಡುವಾಗ ಚಟ್ನಿಗೊಂದು ಕಾಯಿ ಕೊಡೇ ಎಂದು ಶಬಾನಾಳನ್ನೇ ಕೇಳಿದೆ. ಖಾಯಂ ಮಾಡಿ ಎಂದು ತಾನು ಬರೆದುಕೊಂಡಾಗಲೆಲ್ಲ ಮೇಲಿನವರು ಹೇಳುವ ಮಾತನ್ನೇ ಅವಳು ನಗುತ್ತ ನನಗೂ ಹೇಳಿದಳು: "ಅರ್ಜಿ ಕೊಟ್ಟಿರಿ ಅಕ್ಕ, ಪರಿಶೀಲಿಸೋಣ."