ಇಲ್ಲಿ ಮಳೆ ಬಂದು ಅಲ್ಲಿ ಬಾರದ ವಾರ

ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ಪ್ರತಿಭಾ ಎಂದರೆ ಯಾವ ಪ್ರತಿಭಾ ಎಂದು ಕೇಳುತ್ತಾರೆ. ಟ್ಯಾಂಕರ್ ಪ್ರತಿಭಕ್ಕ ಎಂದರೆ ಮನೆ ಬಾಗಿಲವರೆಗೂ ತಂದು ಬಿಡುತ್ತಾರೆ. ಟ್ಯಾಂಕರ್ ಓಡಿಸುವವನು ಅವಳ ಗಂಡ ಭೀಮರಾಜ್. ಆದರೆ ಸಹಕಾರನಗರದಿಂದ ಹೆಬ್ಬಾಳದ ತನಕ ಸಂಪು ಬತ್ತಿದವರಿಗೆಲ್ಲ ನೆನಪಾಗುವುದು ಅವಳ ಹೆಸರು, ಏಕೆಂದರೆ ಫೋನು ಇರುವುದು ಅವಳ ಕೈಯಲ್ಲಿ.

ಮಾವ ಮುನಿವೆಂಕಟಯ್ಯನವರು ಬದುಕಿದ್ದಾಗಲೇ ತೋಟವೆಲ್ಲ ಲೇಔಟಿಗೆ ಹೋಗಿತ್ತು. ಉಳಿದದ್ದು ಮನೆಯ ಹಿಂದಿನ ಒಂದಿಷ್ಟು ಜಾಗ ಮತ್ತು ಅದರಲ್ಲೊಂದು ಬೋರ್‌ವೆಲ್. ದ್ರಾಕ್ಷಿ ಬಳ್ಳಿಗೆಂದು ಕೊರೆಸಿದ್ದ ಆ ಬೋರು ಈಗ ಅದೇ ತೋಟದ ಮೇಲೆ ಎದ್ದ ಮನೆಗಳಿಗೆ ನೀರು ಕೊಡುತ್ತಿತ್ತು. ಬೆಳಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಮೊದಲ ಕರೆ ಬರುತ್ತಿತ್ತು. ಎಲ್ಲರದೂ ಅರ್ಜೆಂಟೇ. ಪ್ರತಿಭಾಳಿಗೆ ಕೋಪ ಮೂಗಿನ ತುದಿಯಲ್ಲೇ ಇದ್ದರೂ ಗಿರಾಕಿಗಳ ಮೇಲೆ ತೋರಿಸುವಂತಿರಲಿಲ್ಲ. ಹಾಗಾಗಿ ಅದು ಪಾತ್ರೆಗಳ ಮೇಲೆ ಹೋಗುತ್ತಿತ್ತು, ಇಲ್ಲವೇ ಭೀಮರಾಜನ ಮೇಲೆ. ಗಂಡ ಹೆಂಡಿರ ನಡುವೆ ದಿನವಿಡೀ ನಡೆಯುತ್ತಿದ್ದ ಮಾತು ಒಂದೇ.

"ಎಲ್ಲಿದ್ದೀಯಾ?"

"ಕೆನರಾ ಬ್ಯಾಂಕ್ ಲೇಔಟ್."

"ಅಲ್ಲಿಂದ ಹಂಗೇ ಎಫ್ ಬ್ಲಾಕಿಗೆ ಹೋಗು."

ಮಗಳು ಮೋನಿಷಾ ಸೋಲದೇವನಹಳ್ಳಿಯ ಕಾಲೇಜಿಗೆ ಸೇರಿ ಹಾಸ್ಟೆಲಿಗೆ ಹೋದಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಅತ್ತೆ ಯಲ್ಲಮ್ಮ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

ಅಂಡಮಾನಿನ ಹುಚ್ಚು ಹತ್ತಿಸಿದ್ದು ಮೆಹಬೂಬ್ ಬೀ. ಯಲಹಂಕದ ಸರ್ಕಾರಿ ಶಾಲೆಯಲ್ಲಿ ಪ್ರತಿಭಾಳ ಪಕ್ಕ ಕೂರುತ್ತಿದ್ದವಳು, ಮದುವೆಯಾಗಿ ಪೋರ್ಟ್ ಬ್ಲೇರ್ ಸೇರಿದ್ದಳು. ಮನೆಯ ಮಹಡಿಯ ಮೇಲೆ ಎರಡು ರೂಮು ಕಟ್ಟಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದಳು. ತಾಯಿಯನ್ನು ನೋಡಲು ಯಲಹಂಕಕ್ಕೆ ಬಂದಾಗ ಒಂದು ಮಧ್ಯಾಹ್ನ ಇಲ್ಲಿಗೂ ಬಂದಳು. ಇಬ್ಬರೂ ಊಟಕ್ಕೆ ಕೂತರು. ಮುದ್ದೆ ಮುರಿಯುವುದರೊಳಗೆ ಫೋನು, ಸಾರಿಗೆ ಅದ್ದುವುದರೊಳಗೆ ಇನ್ನೊಂದು.

"ಏನೇ ಇದು, ಸುಖವಾಗಿ ಒಂದು ತುತ್ತು ತಿನ್ನಕ್ಕೂ ಬಿಡಲ್ವಲ್ಲೇ!" ಎಂದಳು ಮೆಹಬೂಬ್ ಬೀ. "ನಮ್ಮನೆಗೆ ಬಾ. ಅಲ್ಲಿಂದ ಬೋಟ್ ಹತ್ತಿದ್ರೆ ಒಂದು ಸಣ್ಣ ದ್ವೀಪ ಇದೆ. ನೀರು ಗಾಜಿನ ಥರ. ಅಲ್ಲಿ ಫೋನಿಗೆ ಸಿಗ್ನಲ್ಲೇ ಬರಲ್ಲ ಕಣೇ."

ಗಾಜಿನಂಥ ನೀರು ಪ್ರತಿಭಾಳ ತಲೆಗೆ ಹೋಗಲಿಲ್ಲ. ಸಿಗ್ನಲ್ ಬರುವುದಿಲ್ಲ ಎಂಬುದು ನೆಟ್ಟಗೆ ಹೋಗಿ ಕೂತಿತು. ಮರಳ ಮೇಲೆ ತಾನು, ಪಕ್ಕದಲ್ಲಿ ಭೀಮರಾಜ್, ಎಫ್ ಬ್ಲಾಕಿನ ಸುದ್ದಿ ಎತ್ತಲು ಯಾರಿಗೂ ದಾರಿಯಿಲ್ಲ.

"ಯಾವಾಗ ಬರ್ಲಿ?"

"ಜನವರಿಯಿಂದ ಏಪ್ರಿಲ್‌ವರೆಗೆ ಚೆನ್ನಾಗಿರುತ್ತೆ. ಮಳೆ ಹಿಡಿದ್ರೆ ಬೋಟ್ ಬಿಡಲ್ಲ."

ಆ ಸಂಜೆ ಭೀಮರಾಜ್ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಪ್ರತಿಭಾ ವಿಷಯ ಎತ್ತಿದಳು. ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ನಕ್ಕುಬಿಟ್ಟ.

"ಜನವರಿಯಿಂದ ಏಪ್ರಿಲ್ಲಾ? ನಮ್ಮ ಸುಗ್ಗಿಯಲ್ಲಿ ನಾವೇ ಊರು ಬಿಡೋದಾ? ಮಳೆಗಾಲದಲ್ಲಿ ಹೋಗೋಣ ಬಿಡು, ಆಗ ನನಗೇನು ಕೆಲಸ?"

"ಮಳೆಗಾಲದಲ್ಲಿ ಬೋಟ್ ಬಿಡಲ್ವಂತೆ."

"ಸಮುದ್ರ ಯಾವುದಾದ್ರೇನೆ, ಸಮುದ್ರಾನೇ ತಾನೆ?"

ಹಾಗೆಂದವನು ಜುಲೈ ತಿಂಗಳಲ್ಲಿ ಅವಳನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋದ. ಸುರಿದ ಮಳೆ ನಿಲ್ಲಲಿಲ್ಲ. ದಡದಲ್ಲಿ ಕೆಂಪು ಬಾವುಟ ನೆಟ್ಟು, ಪೊಲೀಸಿನವನೊಬ್ಬ ಸೀಟಿ ಊದುತ್ತಾ ಯಾರನ್ನೂ ನೀರಿನ ಹತ್ತಿರ ಬಿಡಲಿಲ್ಲ. ಲಾಡ್ಜಿನ ಗೋಡೆ ಬೆವರುತ್ತಿತ್ತು, ಹಾಸಿಗೆ ಹಸಿ. ಇಬ್ಬರೂ ನೆಗಡಿ ಹಿಡಿಸಿಕೊಂಡು ವಾಪಸಾದರು. ಭೀಮರಾಜನ ಲೆಕ್ಕದಲ್ಲಿ ಪ್ರವಾಸ ಮುಗಿದಿತ್ತು. ಪ್ರತಿಭಾಳ ಲೆಕ್ಕದಲ್ಲಿ ಶುರುವೇ ಆಗಿರಲಿಲ್ಲ.

ಮುಂದಿನ ವರ್ಷ ಹಟ ಹಿಡಿದು ಮಾರ್ಚ್‌ಗೆ ಟಿಕೆಟ್ ಮಾಡಿಸಿದಳು. ಅದು ಬೆಂಗಳೂರಿನ ಬೋರುಗಳೆಲ್ಲ ಒಣಗಿ ಕೂತ ಬೇಸಿಗೆ. ಜನ ಗೇಟಿನ ಮುಂದೆ ಬಿಂದಿಗೆ ಹಿಡಿದು ನಿಂತರು. ಇವರ ಬೋರಿನಲ್ಲಿ ನೀರು ಬರುತ್ತಿತ್ತು, ಆದರೆ ಕೆಮ್ಮಿ ಕೆಮ್ಮಿ. ಟ್ಯಾಂಕರ್ ತುಂಬಲು ಅರ್ಧ ದಿನ ಬೇಕಾಗುತ್ತಿತ್ತು.

"ಊರೋರೆಲ್ಲ ನೀರಿಲ್ದೆ ಒದ್ದಾಡ್ತಾ ಇದ್ರೆ, ನಾವು ನೀರು ನೋಡಕ್ಕೆ ವಿಮಾನ ಹತ್ತೋದಾ?" ಎಂದ ಭೀಮರಾಜ್.

ಆ ಮಾತಿಗೆ ಎದುರಾಡುವಂತಿರಲಿಲ್ಲ. ಟಿಕೆಟ್ ರದ್ದಾಯಿತು. ಎದುರಾಡಲಾಗದ ಮಾತು ಆಡಿದನಲ್ಲ ಎಂದೇ ಅವಳಿಗೆ ಇನ್ನಷ್ಟು ಸಿಟ್ಟು.

ಈ ವರ್ಷ ಹಾಗಾಗಬಾರದು ಎಂದು ದೀಪಾವಳಿ ಕಳೆಯುತ್ತಿದ್ದ ಹಾಗೆ ಕೆಲಸಕ್ಕೆ ಇಳಿದಳು. ಬೇಸಿಗೆ ಏರುವ ಮೊದಲೇ, ಫೆಬ್ರವರಿಯಲ್ಲಿ ಹೋಗಿಬರುವುದು. ಲಾರಿ ಓಡಿಸಲು ಬ್ಯಾಟರಾಯನಪುರದ ನಯೀಮ್ ಒಪ್ಪಿದ. ಫೋನು ಯಾರು ನೋಡುವುದು ಎಂಬುದೇ ತಕರಾರಾಯಿತು. ಇನ್ನೊಂದು ಟ್ಯಾಂಕರಿನ ಮಾಲೀಕ ವಿಜಯ್ ಕುಮಾರ್ "ನಾನ್ ನೋಡ್ಕೊತೀನಿ ಅಕ್ಕ" ಎಂದ ಕೂಡಲೇ ಭೀಮರಾಜ್ ಬೇಡವೆಂದು ತಲೆಯಾಡಿಸಿದ. "ಅವನ ಕೈಗೆ ಕೊಟ್ರೆ ವಾಪಸ್ ಬರೋದು ಬರೀ ಫೋನು, ಗಿರಾಕಿ ಬರಲ್ಲ."

ಕೊನೆಗೆ ಮೋನಿಷಾ ಕಾಲೇಜಿಗೆ ರಜೆ ಹಾಕಿ ತಾನೇ ನೋಡಿಕೊಳ್ಳುತ್ತೇನೆ ಎಂದಳು. ಎಲ್ಲ ಸರಿಹೋಯಿತು ಅನ್ನುವಾಗ ಕಾಲೇಜಿನವರು ಪರೀಕ್ಷೆಯನ್ನು ಅದೇ ವಾರಕ್ಕೆ ಹಾಕಿದರು. ಸರಿ, ಮಾರ್ಚ್ ಎಂದಾಯಿತು.

"ಕಾಸು ಕೊಟ್ಟು ಉಪ್ನೀರು ನೋಡಕ್ಕೆ ಓಗ್ಬೇಕಾ ಇಂಗೆ ವದ್ದಾಡ್ಕೊಂಡು?" ಎಂದು ಯಲ್ಲಮ್ಮ ಜಗಲಿಯಿಂದಲೇ ಕೇಳಿದಳು. ಒಳಗೆ ಕುಕ್ಕರಿನ ಮುಚ್ಚಳ ಧಡಾರೆಂದಿತು.

ಮಾರ್ಚ್ ಶುರುವಿಗೆ ಸಹಕಾರನಗರದ ಸಂಯುಕ್ತಾ ಮೇಡಂ ಫೋನು ಮಾಡಿದರು. ಒಳ್ಳೆಯ ಹೆಂಗಸು, ಬಹಳ ವರ್ಷದ ಗಿರಾಕಿ. ಅವರ ಮಾತಿನ ಹಿಂದೆ ಏನೋ ಮೊರೆಯುತ್ತಿತ್ತು.

"ಪ್ರತಿಭಾ, ನಾಳಿದ್ದು ನಾವು ಊರಿಗೆ ಬರ್ತಿದೀವಿ ಕಣ್ರೀ. ಅಷ್ಟ್ರೊಳಗೆ ಸಂಪು ತುಂಬ್ಸಿಬಿಡ್ತೀರಾ? ವಾಚ್‌ಮನ್‌ಗೆ ಹೇಳಿರ್ತೀನಿ."

"ಆಯ್ತು ಮೇಡಂ. ಎಲ್ಲಿದ್ದೀರಾ, ಏನೋ ಸದ್ದು ಕೇಳಿಸ್ತಿದೆ?"

"ಅಯ್ಯೋ, ಅಂಡಮಾನಿಗೆ ಬಂದಿದೀವಿ. ಅಲೆ ಸದ್ದು. ಒಂದು ವಾರ ಆಯ್ತು, ಸಾಕಾಗೋಗಿದೆ. ಎಲ್ಲಿ ನೋಡಿದ್ರೂ ನೀರೇ."

"ಹೌದಾ ಮೇಡಂ" ಎಂದಳು ಪ್ರತಿಭಾ. ಆಮೇಲೆ ಭೀಮರಾಜನಿಗೆ ಫೋನು ಮಾಡಿ, ಸಂಯುಕ್ತಾ ಮೇಡಂ ಮನೆಗೆ ಒಂದು ಲೋಡು ಎಂದಳು. ಅಂಡಮಾನಿನ ಸುದ್ದಿ ಎತ್ತಿದರೆ ಅಳು ಬರುತ್ತದೆ ಅನ್ನಿಸಿತು.

ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಬೋರಿನ ಮೋಟಾರು ಸುಟ್ಟುಹೋಯಿತು. ಭೀಮರಾಜ್ ಕರಿ ಎಣ್ಣೆಯ ಕೈಯಲ್ಲೇ ಒಳಗೆ ಬಂದು ತಟ್ಟೆಯ ಮುಂದೆ ಕೂತ. "ಪೈಪೆಲ್ಲ ಎತ್ತಬೇಕು. ಈ ಸಲ ಆಗಲ್ಲ ಕಣೇ" ಎಂದ. ಹೇಳಿದ್ದು ಮೆತ್ತಗೇ. ತಪ್ಪು ಅವನದಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಅವನು ಅನ್ನಕ್ಕೆ ಕೈ ಹಾಕಿದ ರೀತಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ನಿರಾಳವಾಗಿ ಕಲಸುತ್ತಿದ್ದ. ಪ್ರವಾಸ ತಪ್ಪಿದ್ದು ಅವನನ್ನು ಬಾಧಿಸಿಯೇ ಇರಲಿಲ್ಲ.

ಬಡಿದುಕೊಳ್ಳುತ್ತಿದ್ದ ಫೋನನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟಳು. "ತಗೋ. ಇವತ್ತು ನೀನೇ ಮಾತಾಡು" ಎಂದು ಚಪ್ಪಲಿ ಮೆಟ್ಟಿ, ಯಲಹಂಕದ ಬಸ್ಸು ಹತ್ತಿ ತವರಿಗೆ ಹೋದಳು.

ತಾಯಿಯ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನಿದ್ದೆ ಬರಲಿಲ್ಲ. ಮೋಟಾರು ಕೆಟ್ಟಿದೆ, ನೀರಿಗೆ ಕಾದವರಿಗೆ ಅವನು ಏನು ಹೇಳುತ್ತಾನೆ, ಅವನಿಗೆ ಎರಡು ಒಳ್ಳೆ ಮಾತು ಆಡಲು ಬರುವುದಿಲ್ಲವಲ್ಲ ಎಂಬುದೇ ಯೋಚನೆ. ತನ್ನ ಮೇಲೇ ಸಿಟ್ಟು ಬಂತು.

ಮರುದಿನ ಸಂಜೆ ಭೀಮರಾಜ್ ಸ್ಕೂಟರಿನಲ್ಲಿ ಬಂದ. ಕಣ್ಣು ಗುಳಿ ಬಿದ್ದಿತ್ತು. ಪ್ರತಿಭಾಳ ತಾಯಿ ಕೊಟ್ಟ ಕಾಫಿಯನ್ನು ಕುಡಿಯದೆ ಹಿಡಿದುಕೊಂಡೇ ಕೂತ.

"ಬೈತಾರೆ ಕಣೇ ಜನ" ಎಂದ. "ಒಬ್ಬಳು ಅತ್ತಳು. ಮನೇಲಿ ಬಾಣಂತಿ ಇದಾಳಂತೆ. ವಿಜಯ್ ಕುಮಾರನಿಗೆ ನಾನೇ ಫೋನ್ ಮಾಡಿ ಕಳಿಸ್ದೆ. ದಿನಾ ಹಿಂಗೇನಾ?"

"ದಿನಾ ಹಿಂಗೇ."

"ನೀನು ಹೋಗ್ಬಿಟ್ ಬಾ. ಮೋನಿಷಾನ ಕರ್ಕೊಂಡು ಹೋಗು. ನಾನಿಲ್ಲಿ ನೋಡ್ಕೊತೀನಿ" ಎಂದ.

ಪ್ರತಿಭಾ ದನಿ ಏರಿಸಿದಳು. "ನನಗೆ ಸಮುದ್ರ ಬೇಕಿತ್ತು ಅಂದ್ಕೊಂಡಿದ್ದೀಯಾ? ನಿನ್ ಜೊತೆ ಕೂತು ನೀರಿನ ಸುದ್ದಿ ಬಿಟ್ಟು ಇನ್ನೊಂದು ಮಾತಾಡಿ ಎಷ್ಟು ವರ್ಷ ಆಯ್ತು ಹೇಳು? ಒಬ್ಬಳೇ ಹೋಗೋ ಹಂಗಿದ್ರೆ ಯಾವತ್ತೋ ಹೋಗ್ತಿದ್ದೆ."

ಇದು ಭೀಮರಾಜನಿಗೆ ಹೊಳೆದೇ ಇರಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅದು ಅವಳಿಗೆ ಮತ್ತೂ ಬೇಸರ ತಂದಿತು.

ದಾರಿ ತೋರಿಸಿದ್ದು, ಯಾರೂ ಎಣಿಸದ ಹಾಗೆ, ಯಲ್ಲಮ್ಮ. ಇಬ್ಬರೂ ಮುಖ ಊದಿಸಿಕೊಂಡು ಮನೆಗೆ ಬಂದಾಗ ಹೇಳಿದಳು: "ಅಲ್ಲ ಕಣ್ರಪ್ಪಾ, ಇಲ್ಲಿ ಮಳೆ ಬಂದ್ರೆ ನಿಮ್ ನೀರು ಯಾರಿಗ್ ಬೇಕು? ಅವಾಗ ಓಗ್ಬಾರ್ದಾ?"

"ಆಗ ಅಲ್ಲೂ ಮಳೆ ಇರುತ್ತೆ ಅತ್ತೆ."

"ಒಂದೇ ದಿನ ಎಲ್ಲಾ ಕಡೆ ಉಯ್ತದಾ? ಕೇಳ್ ನೋಡು ಅವಳ್ನ."

ಪ್ರತಿಭಾ ಮೆಹಬೂಬ್ ಬೀಗೆ ಫೋನು ಮಾಡಿದಳು. ಅಲ್ಲಿ ಮಳೆ ಹಿಡಿಯುವುದು ಸಾಮಾನ್ಯವಾಗಿ ಮೇ ತಿಂಗಳ ಮೂರನೇ ವಾರ ಎಂದಳು ಅವಳು. ಇಲ್ಲಿ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ನಾಲ್ಕು ಜೋರು ಮಳೆಯಾದರೆ ಟ್ಯಾಂಕರ್ ಕೇಳುವವರು ಕಡಿಮೆ. ಇಲ್ಲಿ ಮಳೆ ಬಂದು ಅಲ್ಲಿ ಬಾರದ ಒಂದು ವಾರ ಸಿಕ್ಕೀತು. ಅದು ಯಾವ ವಾರವೆಂದು ಮಾತ್ರ ಮುಂಚೆ ಹೇಳುವಂತಿರಲಿಲ್ಲ. ಮೋನಿಷಾ ತಲೆ ಚಚ್ಚಿಕೊಂಡಳು. "ಅಮ್ಮಾ, ಮೋಡ ನೋಡ್ಕೊಂಡು ಯಾರಾದ್ರೂ ಫ್ಲೈಟ್ ಬುಕ್ ಮಾಡ್ತಾರಾ?"

ಅಂದಿನಿಂದ ಪ್ರತಿಭಾ ಆಕಾಶ ನೋಡತೊಡಗಿದಳು. ಏಪ್ರಿಲ್ ಕೊನೆಯಲ್ಲಿ ಯಲಹಂಕಕ್ಕೆ ಮಳೆಯಾಯಿತು. ಎರಡು ದಿನ ಬಿಟ್ಟು ಹೆಬ್ಬಾಳದ ಫ್ಲೈಓವರ್ ಕೆಳಗೆ ಕಾರುಗಳು ಮುಳುಗಿದವಂತೆ. ಕೊಡಿಗೇಹಳ್ಳಿಯಲ್ಲಿ ಗುಡುಗು ಮಾತ್ರ, ಒಂದು ಹನಿ ಇಲ್ಲ. ಹೆಸರಘಟ್ಟದ ಕಡೆಯಿಂದ ಕಪ್ಪಗೆ ಏರಿ ಬಂದ ಮೋಡ ತಲೆಯ ಮೇಲೆ ಹಾದು ಯಶವಂತಪುರಕ್ಕೆ ಹೋಗಿ ಸುರಿಯಿತು. ಮಹಡಿಯ ಮೇಲೆ ನಿಂತು ಅವಳು ಆ ಮೋಡವನ್ನು ಬಾಯಿಗೆ ಬಂದಂತೆ ಬೈದಳು. ಪಕ್ಕದ ಮನೆಯವರು ಇಣುಕಿ ನೋಡಿದರು.

ಮೇ ಮೊದಲ ವಾರದ ಒಂದು ಸಂಜೆ ಕೊನೆಗೂ ಹಿಡಿಯಿತು. ಮೂರು ಸಂಜೆ ಬಿಡದೆ ಹೊಯ್ದು, ಬೀದಿಯ ಹೊಂಗೆ ಮರದ ಕೊಂಬೆಯೊಂದನ್ನು ಮುರಿದು, ಮೋರಿ ತುಂಬಿಸಿತು. ನಾಲ್ಕನೆಯ ಬೆಳಗ್ಗೆ ಹಾಲು ಉಕ್ಕಿತು, ಫೋನು ಸುಮ್ಮನಿತ್ತು. ಪ್ರತಿಭಾ ಅದನ್ನು ಎತ್ತಿ, ಕೆಟ್ಟಿದೆಯೇನೋ ಎಂದು ನೋಡಿ, ಮಗಳಿಗೆ ಕರೆ ಮಾಡಿದಳು. "ಮಾಡ್ಸೇ ಟಿಕೆಟ್ಟು. ಎಷ್ಟಾದ್ರೂ ಆಗ್ಲಿ."

ಹೋದರು. ಮೊದಲ ದಿನ ಬಿಸಿಲಿತ್ತು. ಪೋರ್ಟ್ ಬ್ಲೇರಿನ ದಡದಲ್ಲಿ ಭೀಮರಾಜ್ ಪ್ಯಾಂಟು ಮಡಿಸಿಕೊಂಡು ಮಂಡಿವರೆಗೆ ನೀರಿಗಿಳಿದ. ಒಂದು ಬೊಗಸೆ ಬಾಯಿಗೆ ಹಾಕಿ ಉಗಿದ. "ಇಷ್ಟು ನೀರಿದ್ದೂ ಒಂದು ಲೋಡಿಗೂ ಆಗಲ್ಲ" ಎಂದ. ಪ್ರತಿಭಾ ಕಣ್ಣು ಕೆಕ್ಕರಿಸಿದಳು.

ಮರುದಿನ ಸಣ್ಣ ದ್ವೀಪಕ್ಕೆ ಹೊರಡಬೇಕು. ಬೆಳಗ್ಗೆ ಮೆಹಬೂಬ್ ಬೀ ಬಾಡಿದ ಮುಖ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಳು. ಗಾಳಿ ಎದ್ದಿದೆ, ಬೋಟು ಬಿಡುತ್ತಿಲ್ಲ, ಈ ಸಲ ಮಳೆ ಮುಂಚೆಯೇ ಬರುವ ಹಾಗಿದೆ. ಮಧ್ಯಾಹ್ನಕ್ಕೆ ಮಳೆ ಬಂದೇ ಬಂತು. ಆಮೇಲೆ ಹೊರಡುವ ದಿನದವರೆಗೂ ನಿಲ್ಲಲಿಲ್ಲ. ಆ ಮಧ್ಯಾಹ್ನ ಪ್ರತಿಭಾ ಗೋಡೆಗೆ ಮುಖ ಮಾಡಿ ಮಲಗಿದಳು. ಇಷ್ಟು ವರ್ಷ ಕಾದದ್ದು ಈ ಹಂಚಿನ ಮೇಲಿನ ಸದ್ದು ಕೇಳಲಿಕ್ಕಾ ಅನ್ನಿಸಿತು.

ಸಂಜೆ ಫೋನು ಬಂತು. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನವರು, ಬೇಸ್‌ಮೆಂಟಿಗೆ ಮಳೆ ನೀರು ನುಗ್ಗಿದೆ, ನಿಮ್ಮ ಲಾರಿಯ ಪಂಪು ತಂದು ನೀರು ಹೊರಗೆ ಹಾಕಿಸುತ್ತೀರಾ ಎಂದು ಕೇಳುತ್ತಿದ್ದರು. ಭೀಮರಾಜ್ ಅವಳ ಕೈಯಿಂದ ಫೋನು ತೆಗೆದುಕೊಂಡ. "ಊರಲ್ಲಿಲ್ಲ ಸಾರ್. ಹೆಂಡ್ತಿ ಜೊತೆ ಬಂದಿದೀನಿ" ಎಂದು ಸ್ವಿಚ್ ಆಫ್ ಮಾಡಿ ಚೀಲದೊಳಗೆ ಹಾಕಿದ.

ಅದರಿಂದ ಅವಳ ಸಿಟ್ಟೇನೂ ಇಳಿಯಲಿಲ್ಲ. ಆದರೆ ಎದ್ದು ಕೂತಳು. ಅವನು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಟ್ಟ. ನೀರಿನ ಸುದ್ದಿ ಬಿಟ್ಟು ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ಅವನೇ ಶುರು ಮಾಡಿದ. ಅಪ್ಪ ದ್ರಾಕ್ಷಿ ತೋಟ ಮಾರಿದ ದಿನ, ತಾನು ಯಾರಿಗೂ ಹೇಳದೆ ಒಂದು ಬಳ್ಳಿಯನ್ನು ಕಿತ್ತು ತಂದು ಮನೆ ಹಿಂದೆ ನೆಟ್ಟಿದ್ದನಂತೆ. ಅದು ಬದುಕಲಿಲ್ಲವಂತೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಪ್ರತಿಭಾ ಇದನ್ನು ಕೇಳಿರಲಿಲ್ಲ.

"ಮನೆ ಹಿಂದೆ ಎಲ್ಲಿ ನೆಟ್ಟಿದ್ದೆ?" ಎಂದು ಕೇಳಿದಳು. ಅವನು ಹೇಳತೊಡಗಿದ.