ಮೂವತ್ತೊಂದರಲ್ಲೇ ನಿಂತ ಅಂಕಿ

ಪರದೆಯ ಮೇಲೆ ಅಂಕಿಯೊಂದು ಕದಲದೆ ನಿಂತರೆ ಇಂದಿಗೂ ನಾನು ಕುರ್ಚಿಯಿಂದ ಎದ್ದುಬಿಡುತ್ತೇನೆ.

ಸೂರತ್ ಬಳಿಯ ಸಚಿನ್ ಎಂಬ ಊರಿನಲ್ಲಿ, ಬಟ್ಟೆಯ ಬಣ್ಣ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ತೊಂಬತ್ತರ ದಶಕದ ಕೊನೆ. ಬಣ್ಣದ ರಾಸಾಯನಿಕ ಕಾಯಿಸುವ ದೊಡ್ಡ ಪಾತ್ರೆಯ, ಅಂದರೆ ರಿಯಾಕ್ಟರಿನ, ಒಳಗಿನ ಶಾಖ ತೋರಿಸಲು ಹಳೆಯ 386 ಕಂಪ್ಯೂಟರೊಂದಿತ್ತು. ಹಾರ್ಡ್ ಡಿಸ್ಕ್ ಕೆಟ್ಟಾಗ ಅದನ್ನು ಗುಜರಿಗೆ ಹಾಕಬೇಕಿತ್ತು. ನನ್ನ ಗೆಳೆಯ ಬಿಡಲಿಲ್ಲ. ವಡೋದರಾದ ಫತೇಗಂಜ್‌ನ ಉಡುಪಿ ಹೋಟೆಲಿನವರ ಮಗ ಅವನು. ಅಲ್ಲೇ ನನ್ನ ಜೊತೆ ಓದಿ, ಇಲ್ಲಿ ಮೀಟರು, ವೈರಿಂಗ್ ನೋಡಿಕೊಳ್ಳುತ್ತಿದ್ದ. ಒಂದೇ ಫ್ಲಾಪಿಯಲ್ಲಿ ಹಿಡಿಸುವ, ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಯಂತ್ರವನ್ನು ಎಬ್ಬಿಸಿದ. ನನಗೆ ಮಾತ್ರ ಅದರ ಮೇಲೆ ಗುಮಾನಿ.

ದೀಪಾವಳಿ ರಜೆ ಮುಗಿದು, ಗುಜರಾತಿಗಳು ಹೊಸ ವರ್ಷದ ವಹಿವಾಟು ಶುರುಮಾಡುವ ಲಾಭ ಪಂಚಮಿಯಂದು ಕಾರ್ಖಾನೆ ತೆರೆಯಿತು. ಯಂತ್ರಗಳಿಗೆಲ್ಲ ಕುಂಕುಮ, ಕೆಂಪು ದಾರ. ಮುಹೂರ್ತಕ್ಕೆ ಸರಿಯಾಗಿ ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯ ಆಪರೇಟರ್ ರಿಯಾಕ್ಟರ್ ಕಾಯಿಸಲು ಸ್ಟೀಮ್ ಬಿಟ್ಟರು.

"ಎಷ್ಟಾಯ್ತು ಭಾಯಿ?" ರಿಯಾಕ್ಟರಿನ ಪಕ್ಕದಿಂದ ಕೂಗಿದರು.

"ಮೂವತ್ತೊಂದು," ಎಂದೆ ಕ್ಯಾಬಿನ್ನಿನಿಂದ.

ಅವರು ವಾಲ್ವ್ ಇನ್ನಷ್ಟು ತಿರುಗಿಸಿದರು. ಮತ್ತೆ ಕೇಳಿದರು. ಮತ್ತೆ ಮೂವತ್ತೊಂದು. ಮತ್ತಷ್ಟು ತಿರುಗಿಸಿದರು.

"ನಿನ್ನ ಡಬ್ಬ ಸತ್ತಿದೆ," ಎಂದು ಗೆಳೆಯನನ್ನು ಗದರಿದೆ.

"ಎಂತ ಸಾಯುವುದು ಮಾರಾಯ? ಪರದೆಯ ಮೂಲೆಯಲ್ಲಿ ಗಡಿಯಾರ ಓಡುವುದು ಕಾಣುವುದಿಲ್ಲವಾ? ಡಬ್ಬ ಸರಿ ಉಂಟು."

ಹಾಗಾದರೆ ಯಾವುದು ಸರಿಯಿಲ್ಲ? ಗೋಡೆಯ ಮೇಲಿನ ಥರ್ಮಾಮೀಟರ್ ಕಣ್ಣಿಗೆ ಬಿತ್ತು. ಅದರಲ್ಲೂ ಮೂವತ್ತೊಂದು. ಕಂಪ್ಯೂಟರು ತೋರಿಸುತ್ತಿದ್ದುದು ಶೆಡ್ಡಿನ ಗಾಳಿಯ ಶಾಖ!

"ಕಾಕಾ, ಸ್ಟೀಮ್ ಬಂದ್ ಮಾಡಿ! ಆಚೆ ಬನ್ನಿ!"

ಅವರು ವಾಲ್ವ್ ಮುಚ್ಚುವಷ್ಟರಲ್ಲಿ ಮುಚ್ಚಳದ ಅಂಚಿನಿಂದ ಸುಯ್ಯೆಂದು ಹಳದಿ ಹೊಗೆ ಬಂತು. ಒಂದು ಕ್ಷಣ ಅವರ ಮುಖವೇ ಕಾಣಲಿಲ್ಲ. ಗೆಳೆಯ ಓಡಿ ತಣ್ಣೀರಿನ ವಾಲ್ವ್ ತೆರೆದ. ನಾನು ಕಾಕಾರ ಅಂಗಿ ಹಿಡಿದು ಹೊರಗೆಳೆದೆ. ಅವರು ಕೆಮ್ಮುತ್ತಾ ನೆಲದ ಮೇಲೆ ಕೂತರು. ಬೇರೆ ಏನೂ ಆಗಲಿಲ್ಲ.

ಹೊಗೆ ಇಳಿದ ಮೇಲೆ ನೋಡಿದರೆ, ಶಾಖ ಅಳೆದು ಕಂಪ್ಯೂಟರಿಗೆ ತಿಳಿಸುವ ಕಡ್ಡಿ ರಿಯಾಕ್ಟರಿನ ಹೊರಗೆ ತೂಗುತ್ತಿತ್ತು, ಮೈತುಂಬ ಕೆಂಪು ದಾರ. ಪೂಜೆಗೆಂದು ಕಾಕಾ ಅದನ್ನು ಹೊರಗೆಳೆದು, ಒರೆಸಿ, ದಾರ ಸುತ್ತಿದ್ದರು. ಅಷ್ಟರಲ್ಲಿ ಮುಹೂರ್ತ ಬಂದು, ಮತ್ತೆ ಒಳಗಿಡುವುದು ಮರೆತೇಹೋಗಿತ್ತು.

"ಎಲ್ಲಕ್ಕೂ ಕಟ್ಟಿ ಇದೊಂದಕ್ಕೆ ಬಿಡುವುದು ಹೇಗೆ?" ಎಂದರು.

ಅಂದಿನಿಂದ ಪ್ರತಿ ಬ್ಯಾಚಿಗೂ ಮೊದಲು ಆ ಕಡ್ಡಿಯನ್ನು ಬಿಸಿ ಚಹಾದ ಲೋಟದಲ್ಲಿ ಅದ್ದುತ್ತಿದ್ದೆವು. ಚಹಾ ತರುತ್ತಿದ್ದವರು ಕಾಕಾ. "ಮೊದಲು ಇದು ಕುಡಿಯಲಿ," ಎನ್ನುತ್ತಿದ್ದರು. ಅಂಕಿ ಏರಿತೆಂದು ಗೆಳೆಯ ಕೂಗಿದರೂ ಅವರು ಕ್ಯಾಬಿನ್ನಿಗೆ ಬಂದು ಸ್ವತಃ ನೋಡುತ್ತಿದ್ದರು. ನಾನೋ, ಅವರು ಹೋದ ಮೇಲೆ ಇನ್ನೊಮ್ಮೆ ನೋಡುತ್ತಿದ್ದೆ.