ಅಲೆ ಹೀರುವ ಚೀಲಗಳು

ಇದು ಮೂರು ವರ್ಷಗಳ ಹಿಂದಿನ ಮಾತು. ನಾನು ಕೆ.ಆರ್.ಎಸ್. ಬಳಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಪರೀಕ್ಷಾ ಎಂಜಿನಿಯರ್. ಸಮುದ್ರದಲ್ಲಿ ತೇಲುತ್ತ ಗಾಳಿ ಮತ್ತು ಅಲೆ ಎರಡರಿಂದಲೂ ವಿದ್ಯುತ್ ತೆಗೆಯುವ ಪ್ಲಾಟ್‌ಫಾರ್ಮಿನ ಮಾಡೆಲ್ ನಮ್ಮಲ್ಲಿತ್ತು. ನಿಜವಾದದ್ದರ ಐವತ್ತನೇ ಒಂದರಷ್ಟು ಅಳತೆ. ಮೂವತ್ತು ಮೀಟರ್ ಉದ್ದದ ತೊಟ್ಟಿಯ ಒಂದು ತುದಿಯಲ್ಲಿ ಯಂತ್ರ ಅಲೆ ಎಬ್ಬಿಸುತ್ತಿತ್ತು. ಅಲೆ ಇನ್ನೊಂದು ತುದಿಯ ಗೋಡೆಗೆ ಬಡಿದು ಹಿಂದಿರುಗಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ನಡುಗಡಲಿನಲ್ಲಿ ಗೋಡೆಯಿಲ್ಲ. ಅದನ್ನು ಹೀರಿಕೊಳ್ಳಲೆಂದು ನಾಗಮಂಗಲದಿಂದ ತರಿಸಿದ ತೆಂಗಿನ ನಾರನ್ನು ಈರುಳ್ಳಿ ಚೀಲಗಳಿಗೆ ತುಂಬಿ ಅಲ್ಲಿ ಇಳಿಜಾರಾಗಿ ಪೇರಿಸಿದ್ದೆವು. ಪೇರಿಸಿದವರು ಕ್ಯಾತನಹಳ್ಳಿಯ ಜವರೇಗೌಡರು, ತೊಟ್ಟಿ ನೋಡಿಕೊಳ್ಳುತ್ತಿದ್ದ ಹಂಗಾಮಿ ನೌಕರರು. ಪಾಚಿ ಹಿಡಿದ ಚೀಲಗಳು ನೋಡಲು ತಿಪ್ಪೆಯಂತಿದ್ದವು.

ಯೋಜನೆ ಮುಂದುವರಿಯಬೇಕೇ ಎಂದು ತೀರ್ಮಾನಿಸುವವರು ಒಂದು ದಿನ ಬಂದರು. ಪರೀಕ್ಷೆ ಶುರುಮಾಡುವ ಮುನ್ನ ಚೀಲಗಳಿರುವ ತುದಿಗೆ ಹೋಗಿ ನೋಡುವುದು ನನ್ನ ವಾಡಿಕೆ. ಅವರಿಗೆ ಕಾಫಿ ಕೊಡಿಸುವುದರಲ್ಲಿ ಮರೆತೆ. ನಾಲ್ಕನೆಯ ನಿಮಿಷಕ್ಕೆ ಮಾಡೆಲ್ ಹುಚ್ಚೆದ್ದು ಹೊಯ್ದಾಡಿತು. ಅದನ್ನು ಹಿಡಿದಿದ್ದ ನಾಲ್ಕು ಕೇಬಲ್‌ಗಳಲ್ಲಿ ಒಂದು ಕಿತ್ತುಬಂತು. ಆಗ ನೋಡಿದೆ: ಗೋಡೆ ತೊಳೆದಿಟ್ಟಂತಿತ್ತು, ಚೀಲಗಳಿರಲಿಲ್ಲ.

"ಯಾರು ತೆಗೆದದ್ದು?" ಎಂದರು ನಮ್ಮ ಮುಖ್ಯಸ್ಥರು.

"ನಾನೇಯ ಸಾ," ಎಂದರು ಜವರೇಗೌಡರು. "ದೊಡ್ಡೋರು ಬತ್ತಾವ್ರೆ, ನಾತ ಒಡೀತಿತ್ತು. ಮದ್ವೆ ಮನೆ ಅಂಗೆ ಮಾಡ್ಬುಟ್ಟೆ."

ನಾಳೆಯಿಂದ ಬರಬೇಡಿ ಎಂದು ಅವರಿಗೆ ಹೇಳಲಾಯಿತು. ಅವರು ನನ್ನ ಮುಖ ನೋಡಿದರೆಂದು ನೆನಪು. ನೋಡಲಿಲ್ಲವೇನೋ, ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ನಾನು ಸುಮ್ಮನಿದ್ದೆ ಎಂಬುದು ಮಾತ್ರ ಖಚಿತ.

ಅವರು ತಾವಾಗಿಯೇ ತೆಗೆದರೆಂದು ನಂಬಿದ್ದೆ. ಸಂಜೆ ವರದಿಗೆಂದು ಡೈರಿ ತೆರೆದರೆ ಹಿಂದಿನ ದಿನದ ಪುಟದಲ್ಲಿ ನನ್ನದೇ ಅಕ್ಷರ: 'ತೊಟ್ಟಿಯಲ್ಲಿ ಒಂದು ಕಸವೂ ಕಾಣಬಾರದೆಂದು ಜವರೇಗೌಡರಿಗೆ ಹೇಳಿದೆ.' ಹಾಗೆ ಹೇಳಿದ್ದು ಈಗಲೂ ನೆನಪಿಲ್ಲ.

ಬೆಳಿಗ್ಗೆ ಆ ಪುಟವನ್ನು ಮುಖ್ಯಸ್ಥರ ಮುಂದಿಟ್ಟು, ಜವರೇಗೌಡರನ್ನು ಮತ್ತೆ ಕರೆಯಲು ಅವರು ಒಪ್ಪಿದ ಮೇಲೆ ಕ್ಯಾತನಹಳ್ಳಿಗೆ ಹೋದೆ. ಜವರೇಗೌಡರು ಹಸುವಿಗೆ ಮೇವು ಹಾಕುತ್ತಿದ್ದರು.

"ನಾನು ಹೇಳಿದ್ದಕ್ಕೇ ತೆಗೆದದ್ದು ಅಂತ ನಿನ್ನೆ ಯಾಕೆ ಹೇಳಲಿಲ್ಲ?"

"ನೀವೇ ಯೋಳ್ತೀರ ಅನ್ಕಂಡೆ ಮೇಡಂ." ಮೇವು ಹಾಕುವುದನ್ನು ನಿಲ್ಲಿಸಲಿಲ್ಲ. "ಎಲ್ಡು ದಿನ ಜೋಡ್ಸಿವ್ನಿ ಆ ಚೀಲವ. ಯಾತಕ್ಕೆ ಅಂತ ಒಬ್ರಾದ್ರೂ ಯೋಳಿದ್ರಾ? ಮೀನ್ ಸಾಕ್ತಾರೇನೋ ಅನ್ಕಂಡಿದ್ದೆ."

ಅವರು ಕೆಲಸಕ್ಕೆ ಹಿಂದಿರುಗಿದರು. ಚೀಲ ಪೇರಿಸಿ ಮತ್ತೆ ಪರೀಕ್ಷಿಸಿದೆವು, ಕೇಬಲ್ ತಡೆಯಿತು. ಅಂದು ಬಂದಿದ್ದವರು ಮತ್ತೆ ಬರಲಿಲ್ಲ, ಅಂಕಿಗಳನ್ನು ಕಳಿಸಿ ಎಂದರು. ಕಳಿಸಿದೆವು.

ಕೆಲಸ ಹೇಳುವಾಗ ಅದು ಏಕೆಂದೂ ಹೇಳಬೇಕು. ಇಷ್ಟು ಕಲಿಯಲು ನನಗೆ ಹದಿನೆಂಟು ವರ್ಷದ ಸರ್ವಿಸ್ ಬೇಕಾಯಿತು. ಜವರೇಗೌಡರು ಈಗ ಒಂದು ಬಕೆಟ್ ಎತ್ತಬೇಕಾದರೂ ಪಕ್ಕದಲ್ಲಿ ಇನ್ನೊಬ್ಬರಿರುವಾಗಲೇ ಕೇಳುತ್ತಾರೆ: "ಮೇಡಂ, ಇದ ಇಲ್ಲೇ ಬುಡ್ಲಾ, ಎತ್ಲಾ?" ಎತ್ತಿ ಎನ್ನುತ್ತೇನೆ, ಏಕೆಂದೂ ಹೇಳುತ್ತೇನೆ. ಅವರು, ಕೇಳಿಸಿಕೊಂಡಿರಲ್ಲ ಎಂಬಂತೆ ಆ ಇನ್ನೊಬ್ಬರ ಕಡೆ ಒಮ್ಮೆ ನೋಡಿ, ಆಮೇಲೆ ಎತ್ತುತ್ತಾರೆ.